ಇಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ

ಹಳೇ ಪಿಕಪ್ ನೋಡಲು ಹೋಗುವ ಮುನ್ನಾದಿನ ಮಾರುವವರಿಗೆ ಫೋನಿನಲ್ಲಿ ಹೇಳಬೇಕಾದ ಮಾತು ಒಂದೇ: "ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ ಸಾರ್." ಆಯ್ತು ಅಂದಿದ್ದರು. ಭಾನುವಾರ ಬೆಳಗ್ಗೆ ಏಳೂಕಾಲಿಗೆ ಯಶವಂತಪುರದ ಶೆಡ್ಡಿಗೆ ಹೋಗಿ ಬಾನೆಟ್ ಮೇಲೆ ಕೈಯಿಟ್ಟರೆ, ಒಲೆ ಆರಿಸಿ ಕಾಲು ಗಂಟೆಯಾದ ಕಾವಲಿಯ ಹಾಗೆ ಬೆಚ್ಚಗಿತ್ತು. ಡೀಸೆಲ್ ಗಾಡಿಯ ಅರ್ಧ ಜಾತಕ ತಣ್ಣನೆಯ ಸ್ಟಾರ್ಟಿನಲ್ಲೇ ಇರುತ್ತದೆ. ಸ್ಟಾರ್ಟರ್ ಎಷ್ಟು ಹೊತ್ತು ತಿರುಗಿಸಬೇಕಾಗುತ್ತದೆ, ಮೊದಲ ಹೊಗೆಯ ಬಣ್ಣ ಯಾವುದು, ಆಯಿಲ್ ಪ್ರೆಶರ್ ಎಷ್ಟು ಬೇಗ ಏರುತ್ತದೆ ಎಂಬುದೆಲ್ಲ ಬಿಸಿ ಇಂಜಿನ್‌ನಲ್ಲಿ ಮುಚ್ಚಿಹೋಗುತ್ತದೆ.

ರಿಪೇರಿ ಮಾಡಿಸಿ ಓಡಿಸಲು ಹಳೇ ಪಿಕಪ್ ಬೇಕಿದ್ದದ್ದು ಗೆಳೆಯನಿಗೆ. ಕೊಳ್ಳುವುದು, ಟಿಂಕರಿಂಗ್ (ತಗಡಿನ ಕೆಲಸ), ಬಣ್ಣ, ಇಂಜಿನ್, ಆರ್‌ಟಿಒ ಎಲ್ಲ ಸೇರಿ ನಾಲ್ಕು ಲಕ್ಷ ಅವನ ಮಿತಿ. ಇಂಥ ಲೆಕ್ಕದಲ್ಲಿ ಗಾಡಿಯ ಬೆಲೆ ಮೂರನೇ ಒಂದು ಭಾಗ ದಾಟಿತೆಂದರೆ ಉಳಿದ ಹಣಕ್ಕೆ ಕೆಲಸ ಮುಗಿಯುವುದಿಲ್ಲ. ಹಳೇ ಡಾಡ್ಜ್, ಫಾರ್ಗೋಗಳ ಅಂದಕ್ಕೆ ಮರುಳಾಗುವವರು ಬಹಳ. ಒಂದು ಬಾಗಿಲ ಹಿಡಿಗೆ ಆರು ತಿಂಗಳು ಅಲೆಯಲು ಸಿದ್ಧವಿದ್ದರೆ ಮಾತ್ರ ಅತ್ತ ಹೋಗಬೇಕು. ಮ್ಯಾಟಡಾರ್ ಕೆಟ್ಟದ್ದಲ್ಲ. ಅದರ ಮರ್ಸಿಡಿಸ್ ಮೂಲದ ಒಎಂ616 ಇಂಜಿನ್ ಟೆಂಪೋ ಟ್ರ್ಯಾಕ್ಸ್‌ಗಳಲ್ಲೂ ಬಂದದ್ದರಿಂದ ಭಾಗಗಳಿಗೆ ಬರವಿಲ್ಲ. ಆದರೆ ಆ ವಾರ ಒಂದೂ ಸಿಗಲಿಲ್ಲ. ಪಟ್ಟಿಯಲ್ಲಿ ಉಳಿದದ್ದು ಟಾಟಾಮೊಬೈಲ್ 206, ಮಹೀಂದ್ರ ಎಫ್‌ಸಿ-160, ಮತ್ತು ಪ್ಯೂಜೋ ಇಂಜಿನ್‌ನ ಮಹೀಂದ್ರ ಪಿಕಪ್.

ಚೀಲದಲ್ಲಿದ್ದ ಸಾಮಾನು: ಬಟ್ಟೆ ಸುತ್ತಿದ ಆಯಸ್ಕಾಂತ, ಸಣ್ಣ ಸುತ್ತಿಗೆ, ಉದ್ದನೆಯ ಸ್ಕ್ರೂಡ್ರೈವರ್, ಟಾರ್ಚ್, ಐದು ಮೀಟರ್ ಟೇಪ್, ಗಾರೆಯವರ ತೂಗುಗುಂಡು, ಸೀಮೆಸುಣ್ಣ, ವೈರ್ ಬ್ರಶ್, ಬಿಳಿ ಹಾಳೆ, ಪೆನ್ಸಿಲ್, ಎರಡು ಟನ್ ಜಾಕ್, ಎರಡು ಸ್ಟ್ಯಾಂಡ್. ಜಾಕ್ ಒಂದನ್ನೇ ನಂಬಿ ಗಾಡಿಯಡಿ ಮಲಗಬಾರದು.

ಯಶವಂತಪುರದ ಶೆಡ್ಡಿನಲ್ಲಿದ್ದದ್ದು ಟಾಟಾಮೊಬೈಲ್ 206. ಆ ಮಾಡೆಲ್ ಬಂದದ್ದು 1988ರಲ್ಲಿ. ಅದರ 483 ಇಂಜಿನ್‌ನ ಹೆಸರಿನಲ್ಲೇ ಅಳತೆಯಿದೆ: ನಾಲ್ಕು ಸಿಲಿಂಡರ್, 83 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ). ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 90 ಮಿ.ಮೀ., ಒಟ್ಟು 1948 ಸಿಸಿ. ಇದೇ ಮನೆತನದಲ್ಲಿ ಸಿಯೆರಾ, ಎಸ್ಟೇಟ್ ಹುಟ್ಟಿದ್ದರಿಂದ ಮೆಕ್ಯಾನಿಕಲ್ ಭಾಗಗಳು ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಒಂದಲ್ಲ ಒಂದು ಅಂಗಡಿಯಲ್ಲಿ ಸಿಗುತ್ತವೆ. ಬಾಡಿ ಭಾಗಗಳಿಗೆ ಮಾತ್ರ ಗುಜರಿಯೇ ಗತಿ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದೆವು. ಸಣ್ಣಗೆ ಆವಿ ಆಡಿದರೆ ಪರವಾಗಿಲ್ಲ. ಇಲ್ಲಿ ಇಡ್ಲಿ ಪಾತ್ರೆಯಂತೆ ಬುಸುಬುಸು ಬರುತ್ತಿತ್ತು. ಪಿಸ್ಟನ್ ರಿಂಗ್ ಸವೆದು ಒತ್ತಡ ಕೆಳಗಿಳಿಯುತ್ತಿದೆ ಎಂದರ್ಥ. ಸಿಲಿಂಡರ್ ಬೋರಿಂಗ್, ಪಿಸ್ಟನ್ ಸೆಟ್‌ಗೆ ಹಣ ಎತ್ತಿಡಬೇಕು.

ಅದು ಕೈಬಿಡುವಷ್ಟು ದೊಡ್ಡ ಕಾರಣವಲ್ಲ. ಇಂಜಿನ್ ಕೆಲಸಕ್ಕೆ ಬೆಂಗಳೂರಿನಷ್ಟು ಅನುಕೂಲ ಎಲ್ಲಿದೆ? ಪೀಣ್ಯದಲ್ಲಿ ಯಂತ್ರದ ಕೆಲಸ, ಕಲಾಸಿಪಾಳ್ಯದ ಸುತ್ತ ಬಿಡಿಭಾಗ, ಶಿವಾಜಿನಗರದಲ್ಲಿ ಗುಜರಿ. ಕೈಬಿಡಿಸಿದ್ದು ಕ್ಯಾಬ್, ಅಂದರೆ ಡ್ರೈವರ್ ಕೂರುವ ಗೂಡು. ಹೊಳೆಯುವ ಹೊಸ ಬಣ್ಣ, ಆದರೆ ಕ್ಯಾಬಿನ ಹಿಂದಿನ ಎರಡೂ ಮೂಲೆಗಳಲ್ಲಿ ಆಯಸ್ಕಾಂತ ಅಂಟದೆ ಜಾರಿತು. ಒಳಗೆ ಪುಟ್ಟಿ. ತೆಳುವಾಗಿ ಮೆತ್ತಿದ್ದರೆ ಆಯಸ್ಕಾಂತ ಸಡಿಲವಾಗಿಯಾದರೂ ನಿಲ್ಲುತ್ತದೆ. ಪೂರಾ ಜಾರಿದರೆ ಪುಟ್ಟಿ ತೀರಾ ದಪ್ಪ, ಇಲ್ಲವೇ ಅಡಿಯಲ್ಲಿ ತಗಡೇ ಇಲ್ಲವೆಂದು ತಿಳಿಯಬೇಕು. ರಬ್ಬರ್ ಮ್ಯಾಟ್ ಎತ್ತಿದರೆ ಡ್ರೈವರ್ ಕಾಲಡಿಯ ತಗಡು ಸ್ಕ್ರೂಡ್ರೈವರ್ ತುದಿಗೆ ಹಪ್ಪಳದಂತೆ ಮುರಿಯಿತು. ಕ್ಯಾಬಿನ ಮೂಲೆ, ನೆಲ, ಬಾಗಿಲ ತಳ, ಮಳೆನೀರಿನ ಗಟಾರು, ಈ ನಾಲ್ಕರಲ್ಲಿ ಎರಡು ಹೋಗಿದ್ದರೆ ಟಿಂಕರಿಂಗ್ ಖರ್ಚು ಇಂಜಿನ್ ಖರ್ಚನ್ನು ಮೀರುತ್ತದೆ.

ಸಾಲದ್ದಕ್ಕೆ ಹಳದಿ ಬೋರ್ಡು. ಮೂರು ಟನ್ ಒಳಗಿನ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ನಿಜ. ಆದರೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲೇಬೇಕು. ವಾರಾಂತ್ಯಕ್ಕೊಮ್ಮೆ ನಂದಿ ಬೆಟ್ಟಕ್ಕೆ ಹೋಗುವ ಗಾಡಿಗೆ ಅದು ತಲೆನೋವು. ಬಿಳಿ ಬೋರ್ಡಿಗೆ ಬದಲಾಯಿಸಿಕೊಳ್ಳಬಹುದು ಎಂದು ಬ್ರೋಕರ್‌ಗಳು ಸಲೀಸಾಗಿ ಹೇಳುತ್ತಾರೆ. ಸಂಬಂಧಪಟ್ಟ ಆರ್‌ಟಿಒದಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವವರೆಗೆ ಆ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಹನ್ನೊಂದರ ಹೊತ್ತಿಗೆ ಮೈಸೂರು ರಸ್ತೆಯ ಪಕ್ಕದ ಗುಜರಿ ಯಾರ್ಡ್. ಎಫ್‌ಸಿ-160 ಎಂದರೆ ಫಾರ್ವರ್ಡ್ ಕಂಟ್ರೋಲ್: ಮೂತಿಯಿಲ್ಲ, ಡ್ರೈವರ್ ಮುಂಚಕ್ರದ ಮೇಲೇ ಕೂರುತ್ತಾನೆ, ಇಂಜಿನ್ ಎರಡು ಸೀಟುಗಳ ನಡುವೆ. ಎಫ್‌ಸಿ ಇಲ್ಲದ ಎಫ್‌ಸಿ ಎಂದು ಗೆಳೆಯ ನಕ್ಕ. ನೋಡಲು ಮೂವರಲ್ಲಿ ಇದೇ ಸುಂದರ. ಇದಕ್ಕೆ ಸಲ್ಲಬೇಕಾದದ್ದು ಹರಿಕೇನ್ ಪೆಟ್ರೋಲ್ ಇಂಜಿನ್, 2199 ಸಿಸಿ. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಅಂಥ ಇಂಜಿನ್ ಸಿಕ್ಕರೆ ಹೆಡ್ ಬಿಚ್ಚಿ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಕೂದಲೆಳೆಯ ಬಿರುಕಿದೆಯೇ ನೋಡಬೇಕು. ಬಿರುಕು ಹೆಡ್ಡಿನಲ್ಲಾದರೆ ಹೆಡ್ ಬದಲಾಯಿಸಬಹುದು, ಬ್ಲಾಕಿನಲ್ಲಾದರೆ ಬ್ಲಾಕ್ ಹೋಯಿತು. ಇಲ್ಲಿ ಆ ಪ್ರಶ್ನೆಯೇ ಬರಲಿಲ್ಲ. ಎಂದೋ ಯಾರೋ ಡೀಸೆಲ್ ಇಂಜಿನ್ ಕೂರಿಸಿದ್ದರು, ಆರ್‌ಸಿಯಲ್ಲಿ ಇಂಧನ ಇನ್ನೂ ಪೆಟ್ರೋಲ್.

"ಅದೆಲ್ಲಾ ಅಡ್ಜಸ್ಟ್ ಆಗತ್ತೆ ಭಾಯ್," ಎಂದರು ಯಾರ್ಡಿನವರು.

ಆಗುವುದಿಲ್ಲ. ಇಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು, ಅದಕ್ಕೆ ಆ ಇಂಜಿನ್ ಎಲ್ಲಿಂದ ಬಂತು ಎಂಬ ದಾಖಲೆ ಬೇಕು. 2021ರ ವಿಂಟೇಜ್ ನಿಯಮದ ಆಸೆಯೂ ಇಲ್ಲಿ ಫಲಿಸದು. ಆ ನಿಯಮ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯದ್ದಲ್ಲದ, ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರುವ ಗಾಡಿಗಳಿಗೆ ಮಾತ್ರ. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನಲ್ಲಿ ವಿಎ ಅಕ್ಷರ. ಸಿಕ್ಕರೂ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೇ. ಇನ್ನು ಎಂವೈ ಅಂತ ಶುರುವಾಗುವ ಮೈಸೂರು ರಾಜ್ಯ ಕಾಲದ ನಂಬರುಗಳಲ್ಲಿ ಎಷ್ಟೋ ಸರ್ಕಾರದ ಆನ್‌ಲೈನ್ ವಾಹನ್ ದಾಖಲೆಗೆ ಬಂದೇ ಇಲ್ಲ. ಅಂಥವಕ್ಕೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆ ಸೇರಿಸುವುದು) ಮಾಡಿಸಬೇಕು, ಮೂಲ ಆರ್‌ಸಿ ಪುಸ್ತಕ ಇಲ್ಲದಿದ್ದರೆ ಅದೂ ಕಷ್ಟ. ಎಫ್‌ಸಿ-160ಯ ಫೋಟೋ ತೆಗೆದುಕೊಂಡು ಹೊರಟೆವು.

ಮೂರನೆಯದು ಹೊಸಕೋಟೆ ದಾಟಿ ಒಂದು ತೋಟದಲ್ಲಿತ್ತು. ಹುಣಸೆಮರದಡಿ ತಗಡಿನ ಚಪ್ಪರ, ಕೆಎ-07 ನಂಬರು, 1991ರ ಮಾಡೆಲ್. ಒಂಬತ್ತು ವರ್ಷದಿಂದ ಅಲ್ಲಾಡಿಲ್ಲ. ಟೈರುಗಳು ರಿಮ್ ಮೇಲೆ ಕೂತಿದ್ದವು, ಸೀಟಿನೊಳಗೆ ಇಲಿ ಸಂಸಾರ. ಇಂಜಿನ್ ಜಾಮ್. ಎಕ್ಸ್‌ಡಿಪಿ 4.90 ಎಂಬ ಪ್ಯೂಜೋ ವಿನ್ಯಾಸ; ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, 83 ಮಿ.ಮೀ. ಸ್ಟ್ರೋಕ್, 2112 ಸಿಸಿ. ಎಂಎಂ540 ಜೀಪಿನಲ್ಲೂ ಇದೇ ಇದ್ದದ್ದರಿಂದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಇನ್ನೂ ಇದ್ದಾರೆ.

ಇಲ್ಲಿ ಹೆಚ್ಚು ಹೊತ್ತು ಕಳೆದದ್ದು ಚಾಸಿಯಡಿ. ಮೊದಲು ಪಕ್ಕದಿಂದ ನಿಂತು ಕ್ಯಾಬ್ ಮತ್ತು ಹಿಂದಿನ ತೊಟ್ಟಿಯ ನಡುವಿನ ಸಂದನ್ನು ನೋಡಬೇಕು. ಮೇಲೆ ಕೆಳಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಚಾಸಿ ನಡುವಿನಲ್ಲಿ ಕೆಳಕ್ಕೆ ಬಾಗಿದೆ. ಮೇಲೆ ಅಗಲವಾಗಿದ್ದರೆ ಹಿಂಭಾರಕ್ಕೆ ಬಾಲ ಇಳಿದಿದೆ. ಇಟ್ಟಿಗೆ, ಜಲ್ಲಿ ಹೊತ್ತ ಗಾಡಿಗಳ ಗುರುತು ಇದೇ. ಲೀಫ್ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟ್ ಸೇರಿಸಿದ್ದಾರೆಯೇ ಎಂದೂ ಎಣಿಸಬೇಕು. ಸೇರಿಸಿದ್ದರೆ ಹಿಂದಿನ ಸ್ಪ್ರಿಂಗ್‌ನ ಮುಂದಿನ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಗೆ ಹಿಡಿಯುವ ಕೊಂಡಿ) ಹತ್ತಿರ ವೈರ್ ಬ್ರಶ್ ಉಜ್ಜಿ ಬಿರುಕು ಹುಡುಕಬೇಕು. ಚಾಸಿಗೆ ಪಟ್ಟಿ ಕೊಟ್ಟು ವೆಲ್ಡ್ ಮಾಡಿದ್ದರೆ, ಪಟ್ಟಿಯ ಅಂಚು ಚಾಸಿಗೆ ನೇರ ಅಡ್ಡವಾಗಿದೆಯೋ ಓರೆಯಾಗಿದೆಯೋ ನೋಡಿ. ನೇರ ಅಡ್ಡ ವೆಲ್ಡ್ ಬಿದ್ದ ಗೆರೆಯಲ್ಲೇ ಮುಂದಿನ ಬಿರುಕು ಹುಟ್ಟುತ್ತದೆ.

ಆಮೇಲೆ ತೂಗುಗುಂಡು. ಮುಂದಿನ ಎರಡು ಸ್ಪ್ರಿಂಗ್ ಹ್ಯಾಂಗರ್ ಬೋಲ್ಟು, ಹಿಂದಿನ ಎರಡು ಹ್ಯಾಂಗರ್ ಬೋಲ್ಟು, ಒಟ್ಟು ನಾಲ್ಕು ಕಡೆಯಿಂದ ಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿದೆವು. ಮಣ್ಣಿನ ನೆಲವಾದ್ದರಿಂದ ಯಜಮಾನರು ಕೊಟ್ಟ ಹಳೇ ಹಂಚಿನ ಚೂರುಗಳನ್ನು ಹೂತು ಅವುಗಳ ಮೇಲೆ ಸೀಮೆಸುಣ್ಣದ ಗುರುತು. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಅಳತೆ. ವ್ಯತ್ಯಾಸ ನಾಲ್ಕು ಮಿ.ಮೀ. ಆರರೊಳಗಿದ್ದರೆ ನೆಮ್ಮದಿ, ಹತ್ತು ದಾಟಿದರೆ ಗಾಡಿ ಎಲ್ಲೋ ಗುದ್ದಿಸಿಕೊಂಡು ಚಾಸಿ ಓರೆಯಾಗಿದೆ.

"ಏನಪ್ಪಾ, ಗಾಡಿ ತಗೊಳಕ್ಕೆ ಬಂದ್ರೋ, ಮನೆ ಪಾಯ ಹಾಕಕ್ಕೆ ಬಂದ್ರೋ?" ಎಂದರು ಯಜಮಾನರು, ಮಜ್ಜಿಗೆ ಲೋಟ ಹಿಡಿದು.

ಸುತ್ತಿಗೆ ಬಡಿದಲ್ಲೆಲ್ಲ ಚಾಸಿ ಠಣ್ ಎಂದಿತು. ಕೊಳೆತ ಕಬ್ಬಿಣ ಧಪ್ ಎನ್ನುತ್ತದೆ. ಬಯಲುಸೀಮೆಯ ಗಾಡಿಗೆ ಇದೊಂದು ಭಾಗ್ಯ. ಇದೇ ವಯಸ್ಸಿನ ಕೆಎ-19, ಕೆಎ-20, ಕೆಎ-30 ಗಾಡಿಯಾದರೆ, ಅಂದರೆ ಮಂಗಳೂರು, ಉಡುಪಿ, ಕಾರವಾರದ್ದಾದರೆ, ಉಪ್ಪುಗಾಳಿಯ ಲೆಕ್ಕ ಬೇರೆಯೇ ಇರುತ್ತದೆ. ಕ್ಯಾಬಿನ ನೆಲದಲ್ಲಿ ಎರಡು ಕಡೆ ಅಂಗೈಯಗಲ ತೂತು. 18 ಗೇಜ್ ತಗಡು ಕತ್ತರಿಸಿ ಬೆಸೆದರೆ ಮುಗಿಯಿತು. ಹೊರಮೈಗೆ 20 ಗೇಜ್ ಸಾಕು. ಮುಂದಿನ ಚಕ್ರ ಜಾಕ್ ಮೇಲೆತ್ತಿ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ, ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ ಸ್ವಲ್ಪ ಕಟಕಟ ಎಂದಿತು. ಬುಶ್ ಹಾಕಿಸಬೇಕು. ಬ್ರೇಕ್ ನೋಡುವ ಗೋಜಿಗೇ ಹೋಗಲಿಲ್ಲ: ನಿಂತ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ಹೋಸು, ಕೊಳವೆ ಎಲ್ಲ ಹೊಸದೇ. ಅದರಲ್ಲಿ ಉಳಿತಾಯದ ಮಾತಿಲ್ಲ. ಗಾಜು ಚಪ್ಪಟೆಯಾಗಿದ್ದದ್ದು ಒಳ್ಳೆಯದಾಯಿತು. ಲ್ಯಾಮಿನೇಟೆಡ್ ಹಾಳೆ ಕತ್ತರಿಸಿ ಕೊಡುವವರಿದ್ದಾರೆ, ಬಾಗಿದ ಗಾಜಾದರೆ ಹುಡುಕಾಟ.

ಕಾಗದ ಬಂದದ್ದು ಸೀರೆ ಡಬ್ಬದಲ್ಲಿ. ಮೂಲ ಆರ್‌ಸಿ ಪುಸ್ತಕ, ಬಿಳಿ ಬೋರ್ಡು, ತೆರಿಗೆ ರಸೀದಿಗಳು, ಡೀಸೆಲ್ ಎಂದೇ ನಮೂದು. ಚಾಸಿ ನಂಬರಿನ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದೆವು. ಅಕ್ಷರಕ್ಕೆ ಅಕ್ಷರ ಹೊಂದಿತು. ಅಂಕಿಗಳ ಸುತ್ತ ಗ್ರೈಂಡರ್ ಗೀರು ಇದ್ದರೆ, ಒಂದು ಅಂಕಿ ಉಳಿದವಕ್ಕಿಂತ ಆಳವಾಗಿದ್ದರೆ, ಅಲ್ಲಿಂದಲೇ ಎದ್ದು ಬರಬೇಕು. ತೊಡಕು ಒಂದೇ: ಆರ್‌ಸಿ ಯಜಮಾನರ ತೀರಿಹೋದ ತಂದೆಯ ಹೆಸರಲ್ಲಿ. ಅದಕ್ಕೆ ಫಾರ್ಮ್ 31, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಅವರ ಹೆಸರಿಗೆ ಬಂದ ಮೇಲೆ ಮಾರಾಟಕ್ಕೆ ಫಾರ್ಮ್ 29 ಮತ್ತು 30. ನೋಂದಣಿಯ ಹದಿನೈದು ವರ್ಷ ಎಂದೋ ಮುಗಿದಿದ್ದರಿಂದ ಫಾರ್ಮ್ 25ರಲ್ಲಿ ನವೀಕರಣವೂ ಆಗಬೇಕು, ಅದಾದ ಮೇಲೆ ಐದೈದು ವರ್ಷಕ್ಕೆ. ಹಳೇ ಗಾಡಿಗಳ ಮೇಲಿನ ದೆಹಲಿಯ ಹತ್ತು-ಹದಿನೈದು ವರ್ಷದ ನಿಷೇಧ ಇಲ್ಲಿಲ್ಲ. ಆದರೆ ನವೀಕರಣಕ್ಕೆ ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು, ಅಂದರೆ ಅಷ್ಟರಲ್ಲಿ ಅದು ಓಡಬೇಕು. ಹಾಗಾಗಿ ಪೂರ್ತಿ ಹಣ ಮೊದಲೇ ಕೊಡುವ ವ್ಯವಹಾರ ಬೇಡ. ಒಂದು ಲಕ್ಷ ಹತ್ತು ಸಾವಿರಕ್ಕೆ ಕುದುರಿತು. ಮೂವತ್ತು ಸಾವಿರ ಮುಂಗಡ, ಆರ್‌ಸಿ ಅವರ ಹೆಸರಿಗೆ ಬಂದಾಗ ನಲವತ್ತು, ಗೆಳೆಯನ ಹೆಸರಿಗೆ ಬಂದಾಗ ಉಳಿದದ್ದು. ಛಾಪಾ ಕಾಗದದಲ್ಲಿ ಬರೆಸಿಕೊಂಡೆವು.

ಬುಧವಾರ ಫ್ಲ್ಯಾಟ್‌ಬೆಡ್ ತರಿಸಿದಾಗ ಗಾಳಿ ತುಂಬಿದ ನಾಲ್ಕು ಹಳೇ ಚಕ್ರ ಜೊತೆಗೊಯ್ದಿದ್ದೆವು. ಅವಿಲ್ಲದೆ ವಿಂಚ್ ಎಳೆದರೆ ರಿಮ್ ಮಣ್ಣು ಅಗೆಯುತ್ತದೆ ಅಷ್ಟೇ. ಹಿಂದಿನ ಒಂದು ಡ್ರಮ್ ಅಂಟಿಕೊಂಡಿತ್ತು. ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿಗೆ ಸುತ್ತಲೂ ಸಣ್ಣಗೆ ಬಡಿಯುತ್ತಾ ಬಂದರೆ ಬಿಡುತ್ತದೆ. ಜೋರಾಗಿ ಬಡಿದರೆ ಎರಕ ಒಡೆಯುತ್ತದೆ.

ಜಾಮ್ ಆದ ಇಂಜಿನ್‌ಗೆ ಸ್ಟಾರ್ಟರ್ ಮುಟ್ಟಿಸಬಾರದು. ಇಂಜೆಕ್ಟರ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೆ ಡೀಸೆಲ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಅರ್ಧರ್ಧ ಬೆರೆಸಿ ಮೂವತ್ತು ಎಂ.ಎಲ್. ಬಿಟ್ಟೆವು. ಕ್ರಾಂಕ್ ಪುಲ್ಲಿಯ ಮೇಲೆ ಸೀಮೆಸುಣ್ಣದ ಗೆರೆ. ದಿನಕ್ಕೆರಡು ಸಲ ಸ್ಪ್ಯಾನರಿಗೆ ಎರಡಡಿ ಪೈಪು ಸಿಕ್ಕಿಸಿ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆಲ್ಲಗೆ ಭಾರ ಹಾಕುವುದು, ಜಗ್ಗುವುದಲ್ಲ. ಜಾಮ್ ಬಿಟ್ಟ ಮೇಲೂ ಇಂಜೆಕ್ಟರ್ ತೂತು ತೆರೆದಿಟ್ಟೇ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ದ್ರವ ಹೊರಹಾಕಬೇಕು. ಉಳಿದರೆ ಮುಂದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಪಂಪನ್ನು ಆಗಲೇ ಕಳಚಿ ಕ್ಯಾಲಿಬ್ರೇಶನ್‌ಗೆ ಕಳಿಸಿಯಾಗಿತ್ತು. ಪಂಪ್ ಮಾಡಿದ ಕಂಪನಿಯ ಹೆಸರು 2008ರಲ್ಲೇ ಬಾಷ್ ಆದರೂ ಆಡುಗೋಡಿಯ ಆ ಪಂಪಿಗೆ ಅಂಗಡಿಯವರು ಇಂದಿಗೂ ಅನ್ನುವುದು ಮೈಕೋ.

ಶನಿವಾರ ಸಂಜೆ ಸೀಮೆಸುಣ್ಣದ ಗೆರೆ ಹೆಬ್ಬೆರಳಗಲ ಸರಿಯಿತು. ಅದೇ ಹೊತ್ತಿಗೆ ಯಜಮಾನರ ಫೋನು.

"ಸ್ಟಾರ್ಟ್ ಆಯ್ತೇನಪ್ಪಾ?"

"ಇಲ್ಲ ಯಜಮಾನ್ರೇ, ಈಗ ಅಲ್ಲಾಡಿದೆ."