ತಟ್ಟೆಯಂಚಿನ ಗುಡ್ಡೆ: ಸೊಪ್ಪು-ತರಕಾರಿಯ ಹದಿನಾಲ್ಕು ವಾರ

ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ದಿನ ಮಗಳ ಡಬ್ಬಿ ವಾಪಸ್ ಬಂತು. ಚಪಾತಿ ಖಾಲಿ. ಪಕ್ಕದ ಸಣ್ಣ ಡಬ್ಬಿಯಲ್ಲಿದ್ದ ಬೀನ್ಸ್ ಪಲ್ಯ ಮಾತ್ರ ನಾನು ಬೆಳಗ್ಗೆ ಒತ್ತಿ ತುಂಬಿದ ಹಾಗೇ ಇತ್ತು, ಚಮಚದ ಗುರುತೂ ಅಳಿಸಿರಲಿಲ್ಲ. ಅವಳಿಗೆ ಎಂಟು ವರ್ಷ, ತಮ್ಮನಿಗೆ ನಾಲ್ಕೂವರೆ. ಹೆಂಡತಿಗೆ ಬೆಳಗಿನ ಪಾಳಿ ಬಿದ್ದಾಗಿನಿಂದ ಒಲೆ ನನ್ನದು. ಮೈಸೂರಿನ ಈ ಬಾಡಿಗೆ ಮನೆಯಲ್ಲಿ ನಾವು ನಾಲ್ವರು, ಜೊತೆಗೆ ತಿಂಗಳಲ್ಲಿ ಹತ್ತು ದಿನ ಮಂಡ್ಯದ ಕಡೆಯಿಂದ ಬಂದಿರುವ ನಮ್ಮಮ್ಮ.

ಬೈದು ತಿನ್ನಿಸುವುದು ಆಗಲೇ ಸಾಕಾಗಿತ್ತು. ಹಾಗಾಗಿ ಒಂದು ಲೆಕ್ಕ ಶುರು ಮಾಡಿದೆ. ಊಟವಾದ ಮೇಲೆ ತಟ್ಟೆಯ ಅಂಚಿಗೆ ಮಕ್ಕಳು ಸರಿಸಿಟ್ಟ ಹಸಿರು ಗುಡ್ಡೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗುವುದು, ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ಬರೆಯುವುದು. ಇಬ್ಬರಿಗೂ ಬಡಿಸುವುದು ತಲಾ 40 ಗ್ರಾಂ, ಅಂದರೆ ಒಂದು ಸಣ್ಣ ಸೌಟು. ಅಮ್ಮ ಇದನ್ನು ನೋಡಿ, "ಎಂಜಲು ತೂಗೋ ಗಂಡಸನ್ನ ಇವತ್ತೇ ನೋಡಿದ್ದು ಕಣಪ್ಪ" ಅಂದರು.

ಮೊದಲ ಎರಡು ವಾರ: ಬಚ್ಚಿಡುವ ಆಟ

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ, ರುಬ್ಬಿ ಹಾಕಿಬಿಡಿ, ಗೊತ್ತೇ ಆಗಲ್ಲ. ಪಾಲಕ್ ಒಂದು ಕಟ್ಟು ಕುದಿನೀರಿಗೆ ಒಂದೇ ನಿಮಿಷ ಹಾಕಿ, ತಣ್ಣೀರಿಗೆ ಎತ್ತಿ, ನುಣ್ಣಗೆ ರುಬ್ಬಿ ದೋಸೆ ಹಿಟ್ಟಿಗೆ ಬೆರೆಸಿದೆ. ದೋಸೆ ಗಿಳಿಹಸಿರಾಯಿತು. ಇದೇನು ಬಣ್ಣ ಅಂದದ್ದಕ್ಕೆ 'ರಾಕ್ಷಸ ದೋಸೆ' ಅಂದೆ. ಎರಡು ದಿನ ನಡೆಯಿತು. ಮೂರನೇ ದಿನ ತೊಳೆಯಲು ಇಟ್ಟಿದ್ದ ಮಿಕ್ಸಿ ಜಾರಿನೊಳಗೆ ಮಗಳು ಇಣುಕಿದಳು.

"ಅಪ್ಪ, ನೀನು ಸುಳ್ಳು ಹೇಳಿದೆ."

ಅಲ್ಲಿಂದ ಮುಂದಿನ ಒಂದು ವಾರ ಬರೀ ಬಿಳಿ ದೋಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ತಿಂದಳು. ಇಡ್ಲಿಯನ್ನು ಮುರಿದು ಒಳಗೇನಿದೆ ಎಂದು ಪರೀಕ್ಷೆ. ಅಕ್ಕ ಮಾಡಿದ್ದನ್ನೆಲ್ಲ ತಮ್ಮನೂ ಮಾಡಿದ. ಸೊಪ್ಪು ತಿನ್ನಿಸಲು ಹೋಗಿ ನಾನು ದೋಸೆಯನ್ನೂ ಕಳೆದುಕೊಂಡೆ. ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಅಂಕಿಯೇ ಇಲ್ಲ, ಒಂದು ಅಡ್ಡಗೆರೆ ಇದೆ. ಅಂದಿನಿಂದ ನಿಯಮ ಒಂದೇ: ಏನು ಹಾಕಿದ್ದೇನೋ ಅದರ ಹೆಸರು ಹೇಳಿಯೇ ಬಡಿಸುವುದು.

ಮೂರನೇ ವಾರ: ಬೀನ್ಸ್

ಬೀನ್ಸ್ ಯಾಕೆ ಬೇಡ ಎಂದು ಸುಮ್ಮನೆ ಕೇಳಿದೆ, ಬೈಯುವ ದನಿಯಲ್ಲಿ ಅಲ್ಲ. "ಅದು ಹಳೇ ಬಟ್ಟೆ ಥರ ಇದೆ" ಅಂದಳು. ಬಾಣಲೆಗೆ ಬಗ್ಗಿ ನೋಡಿದರೆ ನಿಜ. ನಾನು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿ ಬೀನ್ಸನ್ನು ಖಾಕಿ ಬಣ್ಣಕ್ಕೆ ತರುತ್ತಿದ್ದೆ.

ಹಸಿರು ಖಾಕಿಯಾಗುವುದಕ್ಕೆ ಕಾರಣವಿದೆ. ಎಲೆಹಸಿರಿನ ಅಣುವಿನ ನಡುವೆ ಒಂದು ಮೆಗ್ನೀಷಿಯಂ ಕೂತಿರುತ್ತದೆ. ಬಿಸಿ ಮತ್ತು ಹುಳಿ ಸೇರಿದಾಗ ಅದು ಕಳಚಿಕೊಂಡು ಬಣ್ಣ ಮಂಕಾಗುತ್ತದೆ. ತರಕಾರಿಯೊಳಗೇ ಸ್ವಲ್ಪ ಹುಳಿ ಇರುತ್ತದೆ, ಬೇಯುವಾಗ ಅದರಲ್ಲಿ ಒಂದಷ್ಟು ಹಬೆಯ ಜೊತೆ ಹೊರಗೆ ಹೋಗಬೇಕು. ಮುಚ್ಚಳ ಹಾಕಿದರೆ ಅದು ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಸೀಟಿ ಕೂಗಿಸಿದರಂತೂ ಕೇಳಲೇಬೇಡಿ. ಚಿಟಿಕೆ ಸೋಡಾ ಹಾಕಿದರೆ ಬಣ್ಣ ಉಳಿಯುತ್ತದೆ, ಸಮಾರಂಭದ ಅಡುಗೆಯಲ್ಲಿ ಹಾಗೆ ಮಾಡುವವರನ್ನು ಕಂಡಿದ್ದೇನೆ. ಆದರೆ ಕಾಯಿ ಮೆತ್ತಗೆ ಲೊಳಕಾಗುತ್ತದೆ, ಸಿ ಮತ್ತು ಬಿ1 ಜೀವಸತ್ವಗಳೂ ಹಾಳು. ನಾನು ಮುಟ್ಟಲಿಲ್ಲ.

ಈಗ ಮಾಡುವುದು ಹೀಗೆ. ಬೀನ್ಸಿನ ನಾರು ತೆಗೆದು ಆದಷ್ಟು ಸಣ್ಣಗೆ ಹೆಚ್ಚಿ, ಉಪ್ಪು ಹಾಕಿದ ಕುದಿನೀರಿನಲ್ಲಿ ಮುಚ್ಚದೆ ಐದಾರು ನಿಮಿಷ, ಬಸಿದು ತಕ್ಷಣ ಒಗ್ಗರಣೆಗೆ. ಸಾಸಿವೆ, ಉದ್ದಿನಬೇಳೆ, ಕರಿಬೇವು, ಮೇಲೆ ತೆಂಗಿನತುರಿ. ನಿಂಬೆಹಣ್ಣು ಒಲೆ ಆರಿಸಿದ ಮೇಲೆ, ಅದೂ ತಟ್ಟೆಗೆ ಬಡಿಸುವಾಗ. ಬಸಿದ ನೀರನ್ನು ಸಾರಿಗೆ ಹಾಕುತ್ತೇನೆ, ಚೆಲ್ಲಿದರೆ ಅಮ್ಮ ಸುಮ್ಮನಿರುವುದಿಲ್ಲ.

ಗುಡ್ಡೆ: ಮಗಳದ್ದು 38 ಗ್ರಾಂನಿಂದ 15ಕ್ಕೆ. ಮಗನದ್ದು ಕದಲಲಿಲ್ಲ, ಕೊಬ್ಬರಿ ಮಾತ್ರ ಹೆಕ್ಕಿ ತಿಂದ.

ನಾಲ್ಕು, ಐದು: ಬೆಂಡೆಕಾಯಿ

ಈ ಎರಡು ವಾರ ನನಗೆ ಬಹಳ ಖುಷಿ ಕೊಟ್ಟವು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಮಗನಿಗೆ ಬೆಂಡೆಕಾಯಿ ಅಂದರೆ 'ಮೂಗಿನ ಸಿಂಬಳ'. ಮಾತು ಕೆಟ್ಟದ್ದು, ಆದರೆ ಲೋಳೆಯ ವಿಷಯದಲ್ಲಿ ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಬೆಂಡೆಯ ಲೋಳೆ ಎದ್ದು ಬರುವುದು ನೀರು ತಾಗಿದಾಗ. ಹೆಚ್ಚಿದ ಮೇಲೆ ತೊಳೆಯುವುದು, ಒದ್ದೆ ಚಾಕು, ಮುಚ್ಚಳ, ಮೊದಲೇ ಹಾಕಿದ ಉಪ್ಪು, ನಾನು ಈ ನಾಲ್ಕನ್ನೂ ತಪ್ಪದೆ ಮಾಡುತ್ತಿದ್ದೆ.

ಹಿಂದಿನ ರಾತ್ರಿಯೇ ತೊಳೆದು, ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಹರಡಿದೆ. ಬೆಳಗ್ಗೆ ಕಾಲಿಂಚು ದಪ್ಪದ ಬಿಲ್ಲೆ. ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಆಮೇಲೆ ಬೆಂಡೆ, ಒಂದರ ಮೇಲೊಂದು ಬೀಳದಷ್ಟು ಮಾತ್ರ. ಮೊದಲ ನಾಲ್ಕು ನಿಮಿಷ ಸೌಟು ಆಡಿಸಬಾರದು. ಆಡಿಸಿದಷ್ಟೂ ಒಡೆಯುತ್ತದೆ, ಒಡೆದಷ್ಟೂ ಲೋಳೆ. ನೂಲು ಕಾಣಿಸಿದರೆ ಒಂದು ಚಮಚ ಹುಳಿ ಮೊಸರು ಬಿದ್ದರೆ ಸಾಕು, ಕಟ್ಟಾಗುತ್ತದೆ. ಕೊನೆಗೆ ಒಂದು ಚಮಚ ಅಕ್ಕಿಹಿಟ್ಟು, ಚೂರು ಅರಿಶಿನ, ಉಪ್ಪು ಉದುರಿಸಿ ಎರಡು ನಿಮಿಷ. ಅಂಚು ಕಂದು, ನಡುವೆ ಹಸಿರು, ಕಡಿದರೆ ಕರುಂ.

ಮಗ ಒಂದು ಬಿಲ್ಲೆ ಎತ್ತಿ ಕಿಟಕಿಗೆ ಹಿಡಿದ. ಅಡ್ಡ ಕೊಯ್ದ ಬೆಂಡೆಯಲ್ಲಿ ಐದು ಮೂಲೆ, ನಡುವೆ ಬೀಜದ ಗೂಡುಗಳು. "ಅಪ್ಪ, ಚಕ್ರ." ಆ ದಿನ ಹನ್ನೊಂದು ಚಕ್ರ ತಿಂದ, ಎಣಿಸಿ ತಿಂದ. ಗುಡ್ಡೆ ಸೊನ್ನೆ. ಮಾರನೇ ದಿನ ಅದೇ ಬೆಂಡೆಯನ್ನು ಉದ್ದುದ್ದ ಸೀಳಿ ಹುರಿದೆ, 22 ಗ್ರಾಂ ಉಳಿಯಿತು. ರುಚಿ ಅದೇ, ಎಣ್ಣೆ ಅದೇ, ಆಕಾರ ಮಾತ್ರ ಬೇರೆ. ಎಂಜಲು ತೂಗದೇ ಇದ್ದಿದ್ದರೆ 'ಇವತ್ತು ಅವನಿಗೆ ಹಸಿವಿರಲಿಲ್ಲ' ಅಂದುಕೊಂಡು ಮುಗಿಸುತ್ತಿದ್ದೆ.

ಆರನೇ ವಾರ: ಮಣ್ಣು

ಮಳೆಗಾಲದ ಸೊಪ್ಪಿನ ಬುಡದಲ್ಲಿ ಹೊಲದ ಅರ್ಧ ಮಣ್ಣು ಬಂದಿರುತ್ತದೆ. ಆತುರದಲ್ಲಿ ದಂಟಿನ ಸೊಪ್ಪನ್ನು ಒಂದೇ ನೀರಿನಲ್ಲಿ ತೊಳೆದು, ಪಾತ್ರೆ ಬಗ್ಗಿಸಿ ಬಸಿದೆ. ಬಗ್ಗಿಸಿದರೆ ತಳಕ್ಕಿಳಿದ ಮರಳು ಮತ್ತೆ ಸೊಪ್ಪಿನ ಮೇಲೇ ಸುರಿಯುತ್ತದೆ ಎಂದು ಹೊಳೆಯಲಿಲ್ಲ. ಮಗಳ ಹಲ್ಲಿಗೆ ಕರಕರ ಸಿಕ್ಕಿತು. ಒಂದು ತುತ್ತು ಮರಳಿಗೆ ಎರಡು ವಾರದ ದಂಟು ಹೋಯಿತು. ಈಗ ದೊಡ್ಡ ಬೋಗುಣಿ, ಮೂರು ನೀರು, ಪ್ರತಿ ಸಲ ಸೊಪ್ಪನ್ನು ಕೈಯಲ್ಲಿ ಮೇಲೆತ್ತಿ ಆಮೇಲೆ ನೀರು ಚೆಲ್ಲುವುದು.

ಏಳು, ಎಂಟು: ಅಮ್ಮನ ಪಾಳಿ

ಅಮ್ಮ ಬಂದರು. ಬಂದ ದಿನವೇ ಕ್ಯಾಲೆಂಡರ್ ಓದಿ, "ನಿಂಗೂ ಹಿಂಗೇ ಇತ್ತು ಕಣೋ, ಬಸ್ಸಾರು ಸುರ್ಕೊಂಡು ಪಲ್ಯ ನಾಯಿಗೆ ಹಾಕ್ತಿದ್ದೆ" ಅಂದರು. ಮಕ್ಕಳಿಗೆ ಅದು ಆ ದಿನದ ದೊಡ್ಡ ಸುದ್ದಿ.

ಬಸ್ಸಾರಿನಲ್ಲಿ ನಾನು ಗಮನಿಸದೇ ಇದ್ದ ಒಂದು ಗುಟ್ಟಿದೆ. ಸೊಪ್ಪು, ತೊಗರಿಬೇಳೆ ಬೇಯಿಸಿ ಕಟ್ಟು ಬಸಿದ ಮೇಲೆ ಸಾರಿನ ಖಾರಕ್ಕೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ ರುಬ್ಬುವಾಗ ಅಮ್ಮ ಬೆಂದ ಸೊಪ್ಪನ್ನೇ ಒಂದು ಹಿಡಿ ಜೊತೆಗೆ ಹಾಕುತ್ತಾರೆ. ಸಾರಿಗೆ ಮಂದ ಬರುವುದೇ ಅದರಿಂದ. ಅಂದರೆ ರುಬ್ಬಿ ಹಾಕುವುದು ನಮ್ಮ ಮನೆಗೆ ಹೊಸದೇನೂ ಅಲ್ಲ, ಹಾಕುವುದು ಎಲ್ಲರ ಕಣ್ಣೆದುರಿಗೇ, ಅಷ್ಟೇ ವ್ಯತ್ಯಾಸ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹಿಡಿಯನ್ನು ಅವಳ ಕೈಯಿಂದಲೇ ಹಾಕಿಸಿದರು. ರಾಗಿಮುದ್ದೆ ಮುರಿದು ಅದ್ದಿ ನುಂಗಿದಳು, ಮಾತಿಲ್ಲ.

ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿಯೂ ಅದೇ ವಾರದ್ದು. ಎರಡು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ತುಂಬ ಸಣ್ಣಗೆ ಹೆಚ್ಚಿದ ಸಬ್ಬಸಿಗೆ, ಈರುಳ್ಳಿ, ಕಾಯಿತುರಿ, ಜೀರಿಗೆ, ಉಪ್ಪು. ಮೊದಲು ನೀರಿಲ್ಲದೆ ಕೈಯಲ್ಲಿ ಹಿಚುಕಿ ಐದು ನಿಮಿಷ ಬಿಡಬೇಕು. ಉಪ್ಪಿಗೆ ಸೊಪ್ಪು, ಈರುಳ್ಳಿ ನೀರು ಬಿಡುತ್ತವೆ, ಎಷ್ಟು ಬಿಟ್ಟಿತು ಎಂದು ನೋಡಿಕೊಂಡು ಆಮೇಲೆ ಬಿಸಿನೀರು. ನಾನು ಮೊದಲೇ ನೀರು ಸುರಿದು ಕಲಸಿದ ಹಿಟ್ಟು ಬಾಣಲೆಯಲ್ಲಿ ಗಂಜಿಯಾಗಿತ್ತು. ಹಸಿಮೆಣಸಿನಕಾಯಿಯನ್ನು ದೊಡ್ಡವರ ಉಂಡೆಗೆ ಮಾತ್ರ ಕೊನೆಯಲ್ಲಿ ಸೇರಿಸುತ್ತೇವೆ. ಬಾಳೆಲೆಯ ಮೇಲೆ ತಟ್ಟುವ ಕೆಲಸ ಮಕ್ಕಳದು. ಮಗನ ರೊಟ್ಟಿಗೆ ಎಣ್ಣೆ ಬಿಡುವ ತೂತು ಮೂರರ ಬದಲು ಹದಿನೇಳು ಇರುತ್ತವೆ. ಚೆನ್ನಾಗಿಯೇ ಗರಿಗರಿಯಾಗುತ್ತದೆ, ಬೇಕಿದ್ದರೆ ಮಾಡಿ ನೋಡಿ.

ಒಂಬತ್ತು: ಮೆಂತ್ಯದಲ್ಲಿ ಅರ್ಧ ಸೋಲು

ಮಕ್ಕಳಿಗೆ ಕಹಿ ನಮಗಿಂತ ಜೋರಾಗಿ ಹತ್ತುತ್ತದೆ, ಹಟ ಅಂದುಕೊಳ್ಳುವುದರಲ್ಲಿ ಅರ್ಧ ಇದೇ ಇರುತ್ತದೆ. ಕಡ್ಡಿ ಬಿಟ್ಟು ಎಲೆ ಮಾತ್ರ ಬಿಡಿಸಿ, ಉಪ್ಪು ಸವರಿ ಹತ್ತು ನಿಮಿಷದ ನಂತರ ಹಿಂಡಿದೆ. ಬೇಳೆ ಹಾಕಿ, ಚೂರು ಬೆಲ್ಲ ಹಾಕಿ ಪಲ್ಯ ಮಾಡಿದೆ. ಇಬ್ಬರದ್ದೂ 35ರ ಮೇಲೆ ಉಳಿಯಿತು. ಬಟಾಣಿ ಹಾಕಿ ತುಪ್ಪದಲ್ಲಿ ಮಾಡಿದ ಮೆಂತ್ಯ ಬಾತ್ ಮಾತ್ರ ಡಬ್ಬಿಯಿಂದ ಖಾಲಿಯಾಗಿ ಬಂತು. ಬಟಾಣಿಯೂ ಹಸಿರೇ ಅಲ್ಲವಾ ಎಂದು ಮಗಳಿಗೆ ಹೇಳಿದ್ದು ನನ್ನ ತಪ್ಪು, ಮರುದಿನ ಬಟಾಣಿ ಅಂಚಿಗೆ ಬಂತು. ಒಂದು ತರಕಾರಿಯನ್ನು ಮಗು ಒಪ್ಪಲು ಎಂಟು-ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ರುಚಿ ನೋಡಬೇಕಾಗುತ್ತದಂತೆ. ಮೆಂತ್ಯ ಪಲ್ಯ ನಮ್ಮಲ್ಲಿ ಆರನೇ ಸಲದಲ್ಲಿದೆ, ಒಂದು ಚಮಚಕ್ಕಿಂತ ಹೆಚ್ಚು ಬಡಿಸುವುದನ್ನು ಬಿಟ್ಟಿದ್ದೇನೆ.

ಹತ್ತರಿಂದ ಹದಿಮೂರು: ಮಹಡಿ ಮನೆಯ ಅಕ್ಕ

ಮೇಲಿನ ಮನೆಗೆ ಪುತ್ತೂರಿನ ಕಡೆಯವರೊಬ್ಬರು ಬಂದಿದ್ದಾರೆ. ನನ್ನ ಕ್ಯಾಲೆಂಡರ್ ನೋಡಿ ನಗಾಡಿದರು. "ನೀವು ಹೀರೇಕಾಯಿ ದೋಸೆ ಮಾಡಿ ಕೊಡಿ, ಮಕ್ಕಳು ತಿನ್ನದಿದ್ದರೆ ನನ್ನ ಹತ್ತಿರ ಹೇಳಿ."

ನೆನೆಸಿದ ಅಕ್ಕಿಯನ್ನು ಕೊತ್ತಂಬರಿ ಬೀಜ, ಜೀರಿಗೆ, ಒಂದೆರಡು ಒಣಮೆಣಸು, ಕಾಯಿತುರಿ, ಹುಣಸೆ, ಬೆಲ್ಲ, ಉಪ್ಪು ಹಾಕಿ ದಪ್ಪಗೆ ರುಬ್ಬುವುದು. ಹುಳಿ ಬರಿಸುವ ಕೆಲಸವಿಲ್ಲ. ಹೀರೇಕಾಯಿಯ ಏಣು ಹೆರೆದು ತೆಳು ಬಿಲ್ಲೆ ಮಾಡಿ, ಒಂದೊಂದನ್ನೇ ಹಿಟ್ಟಿನಲ್ಲಿ ಅದ್ದಿ ಕಾವಲಿಯ ಮೇಲೆ ಹೂವಿನ ಹಾಗೆ ಒಂದಕ್ಕೊಂದು ತಾಗಿಸಿ ಜೋಡಿಸುವುದು. ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸಿ, ಮಗುಚುವುದು. (ಇಲ್ಲಿ ಮುಚ್ಚಳ ಸರಿ. ಬಣ್ಣ ಹೇಗೂ ಹಿಟ್ಟಿನೊಳಗಿರುತ್ತದೆ.) ಮಕ್ಕಳು ಒಂದೊಂದು ದಳ ಕಿತ್ತು ತಿಂದರು, ತೂಗಲು ಏನೂ ಉಳಿಯಲಿಲ್ಲ. ಹೆರೆದ ಏಣು, ಸಿಪ್ಪೆಗೆ ಉದ್ದಿನಬೇಳೆ ಹುರಿದು ಹಾಕಿ ನಾನು ಚಟ್ನಿ ಮಾಡಿಕೊಂಡೆ.

ಅವರೇ ಕುಂಡದಲ್ಲಿ ಬೆಳೆದ ಒಂದೆಲಗವನ್ನೂ ಕೊಟ್ಟರು, ಅವರ ತುಳುವಿನಲ್ಲಿ ತಿಮರೆ. ಎಲೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ. ಮತ್ತೆ ಕುದಿಸುವ ಹಾಗಿಲ್ಲ. ಮಗನಿಗೆ ಇದು 'ಹಸಿರು ಮಜ್ಜಿಗೆ', ಲೋಟದಲ್ಲೇ ಕುಡಿಯುತ್ತಾನೆ. ಮಗಳು ಮುಟ್ಟುವುದಿಲ್ಲ. ಅವಳಿಗೆ ಕಡಿಯಲು ಏನಾದರೂ ಸಿಗಬೇಕು, ಅವನಿಗೆ ಕಡಿಯುವುದೇ ಬೇಸರ. ಒಂದೇ ತಟ್ಟೆಯ ಅಡುಗೆಯಿಂದ ಇಬ್ಬರನ್ನೂ ಗೆಲ್ಲಬೇಕು ಎಂಬ ಹಟ ಆ ದಿನ ಬಿಟ್ಟೆ.

ಈ ನಡುವೆ ಮಸಾಲೆ ಡಬ್ಬಿಯ ಮೆಂತ್ಯ ಕಾಳನ್ನೇ ಮಗ ಒಂದು ಹಳೇ ಟಬ್ಬಿಗೆ ಚೆಲ್ಲಿದ. ನಾಲ್ಕನೇ ದಿನಕ್ಕೆ ಮೊಳಕೆ ಮೇಲೆ ಬಂತು, ಎರಡು ವಾರಕ್ಕೆ ಬೆರಳುದ್ದ. ನೀರು ಹಾಕುವಾಗ ಒಂದೊಂದು ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ, ಹಸಿಯಾಗಿ, ಕಹಿ ಅಂತ ಮುಖ ಹಿಂಡುತ್ತಲೇ. ತಟ್ಟೆಯಲ್ಲಿಟ್ಟರೆ ಬೇಡ. ಇದನ್ನು ಕ್ಯಾಲೆಂಡರಿನಲ್ಲಿ ಹೇಗೆ ಬರೆಯುವುದು ಗೊತ್ತಾಗಲಿಲ್ಲ, 'ಟಬ್' ಎಂದಷ್ಟೇ ಬರೆದಿದ್ದೇನೆ.

ಹದಿನಾಲ್ಕನೇ ವಾರ: ಈಗ ಎಲ್ಲಿದ್ದೇವೆ

ಬೆಂಡೆ, ಬೀನ್ಸ್, ಹೀರೇಕಾಯಿ, ಸಬ್ಬಸಿಗೆ ಇಬ್ಬರಿಗೂ ಸರಿ. ದಂಟು ಬಸ್ಸಾರಿನಲ್ಲಿ ಮಾತ್ರ, ಅದೂ ಮಗಳು ಮೊದಲು ಬೋಗುಣಿಯ ತಳದ ನೀರು ತೋರಿಸು ಅನ್ನುತ್ತಾಳೆ. ಪಾಲಕ್ ಅವಳಿಗೆ ಇನ್ನೂ ಬೇಡ, ಹಲ್ಲೆಲ್ಲ ಒರಟಾಗುತ್ತದಂತೆ. ಅದು ಪಾಲಕ್‌ನ ಆಕ್ಸಲಿಕ್ ಆಮ್ಲದ ಕೆಲಸ, ನನಗೂ ಹಾಗೇ ಆಗುತ್ತದೆ, ಹಾಗಾಗಿ ಒತ್ತಾಯಿಸುವುದಿಲ್ಲ. ಹಾಗಲಕಾಯಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ. ಡಬ್ಬಿಯ ಸಣ್ಣ ಖಾನೆ ವಾರದಲ್ಲಿ ಮೂರು ದಿನ ಖಾಲಿ ಬರುತ್ತಿದೆ. ಅದರಲ್ಲಿ ಒಂದು ದಿನ ಗೆಳತಿಗೆ ಕೊಟ್ಟದ್ದಂತೆ, ಅವಳೇ ಹೇಳಿದಳು.

ಮುಂದಿನದು ಬಸಳೆ. ಅದಕ್ಕೂ ಲೋಳೆ ಇದೆ, ಆದರೆ ಬೆಂಡೆಯ ಹಾಗೆ ಗರಿಗರಿ ಹುರಿದು ಪಾರಾಗಲು ಬರುವುದಿಲ್ಲ. ಹೆಸರುಕಾಳು ಹಾಕಿ ಹುಳಿ ಮಾಡಿ ನೋಡಿ ಅಂದಿದ್ದಾರೆ ಅಕ್ಕ, ಅವರು ಕೊಟ್ಟ ಒಂದು ಗೇಣಿನ ತುಂಡನ್ನು ಮೆಂತ್ಯದ ಟಬ್ಬಿನ ಪಕ್ಕ ನೆಟ್ಟಿದ್ದೇವೆ. ಎರಡು ಹೊಸ ಎಲೆ ಬಂದಿವೆ. ಮಗ ದಿನಾ ಬೆಳಗ್ಗೆ ಹೋಗಿ ಅದನ್ನು ಸ್ಕೇಲಿನಲ್ಲಿ ಅಳೆಯುತ್ತಾನೆ.