ಗುಂಡು ಕೆಳಗೆ ಜಾರಬೇಕು

ಡೊಂಬಿವ್ಲಿ, 14 ಜುಲೈ 2025, ಸೋಮವಾರ

ಬೆಳಿಗ್ಗೆಯಿಂದ ಬಿಡದ ಮಳೆ. ಫಿಜಿಯೋ ಹತ್ತಿರ ಇವತ್ತು ಹೋಗೋದು ಬೇಡ ಅನ್ನಿಸಿತ್ತು. ಇವರು ಬಿಡಲಿಲ್ಲ. "ಲೋಕಲ್‌ ಟ್ರೇನಿನಲ್ಲಿ ಹ್ಯಾಂಡಲ್ ಹಿಡಿದು ನಿಲ್ಲಬೇಕಾದವಳು ನೀನು, ನಾನಲ್ಲ" ಅಂದರು. ಹೌದಲ್ವಾ. ನನ್ನ ಬಲಗೈ ಆ ಹ್ಯಾಂಡಲ್ ಮುಟ್ಟಿ ಐದು ತಿಂಗಳಾಯಿತು.

ಫ್ರೋಜನ್ ಶೋಲ್ಡರ್. ಶುಗರ್ ಇದ್ದವರಿಗೆ ಇದು ಜಾಸ್ತಿಯಂತೆ, ನನಗಂತೂ ಶುಗರ್ ಇದ್ದೇ ಇದೆ. ಭುಜದ ಕೀಲಿನ ಸುತ್ತ ಇರುವ ಚೀಲ ದಪ್ಪವಾಗಿ, ಒಗೆದ ಹತ್ತಿ ಬಟ್ಟೆಯ ಹಾಗೆ ಕುಗ್ಗಿಬಿಡುತ್ತದೆ.

ಶುರುವಿನಲ್ಲಿ ಒಬ್ಬ ಮಾಲೀಶಿನವನ ಹತ್ತಿರ ಹೋಗಿದ್ದೆ. ಎಣ್ಣೆ ಹಚ್ಚಿ ಬಾವಿಯ ಹಗ್ಗ ಜಗ್ಗಿದ ಹಾಗೆ ಜಗ್ಗಿದ. ಮೂರು ರಾತ್ರಿ ನಿದ್ದೆ ಇಲ್ಲ. ಹಾಗಾಗಿ ಈ ಫಿಜಿಯೋ ಹುಡುಗಿ ಮೊದಲ ದಿನ ಭುಜ ಮುಟ್ಟಿದಾಗ ಹಲ್ಲು ಕಚ್ಚಿ ಮಲಗಿದ್ದೆ. ಅವಳು ಮಾಡಿದ್ದು ತೊಟ್ಟಿಲು ತೂಗಿದಷ್ಟೇ. ಇದಕ್ಕೆ ಐನೂರು ರೂಪಾಯಿನಾ ಅಂತ ಒಳಗೊಳಗೇ ಗೊಣಗಿದ್ದೆ!

ಆ ಮಾಲೀಶಿನವ ಜಗ್ಗಿದ್ದಕ್ಕೂ ನೀನು ತೂಗುವುದಕ್ಕೂ ಏನು ವ್ಯತ್ಯಾಸ ಅಂತ ಇವತ್ತು ಕೇಳಿಯೇಬಿಟ್ಟೆ. ಅವಳು ಒಂದು ಕೈ ಮುಷ್ಟಿ ಮಾಡಿ ಇನ್ನೊಂದು ಅಂಗೈಗೆ ಒತ್ತಿ ಹಿಡಿದಳು. "ಕಾಕೂ, ಕೈ ಮೇಲೇಳಬೇಕಾದರೆ ಒಳಗಿನ ಈ ಗುಂಡು, ಅಂದರೆ ತೋಳಿನ ಮೂಳೆಯ ದುಂಡನೆ ತುದಿ, ಕೆಳಗೆ ಜಾರಬೇಕು. ನಿಮ್ಮದು ಜಾರುತ್ತಿಲ್ಲ. ಅವನು ಕೈ ಎಳೆದ, ನಾನು ಗುಂಡು ಜಾರಿಸುತ್ತೇನೆ" ಎಂದಳು, ಮರಾಠಿಯಲ್ಲಿ.

ಮೇಟ್‌ಲ್ಯಾಂಡ್ ಅಂತ ಆಸ್ಟ್ರೇಲಿಯಾದ ಒಬ್ಬ ಫಿಜಿಯೋ ಈ ತೂಗಾಟಕ್ಕೆ ಗ್ರೇಡ್ ಮಾಡಿಟ್ಟಿದ್ದಾರಂತೆ. 1, 2 ನೋವು ತಗ್ಗಿಸಲು. 3, 4 ಬಿಗಿ ಬಿಡಿಸಲು. ಇಷ್ಟು ದಿನ ನಾನು ಬೈದುಕೊಂಡಿದ್ದು 1 ಮತ್ತು 2ನ್ನು. ಇವತ್ತು 4. ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಒಯ್ದು, ಅಲ್ಲೇ ಸಣ್ಣಗೆ ಒತ್ತಿ ಬಿಡುವುದು, ಒತ್ತಿ ಬಿಡುವುದು. ಗಡಿಯಾರದ ಟಿಕ್ ಟಿಕ್ ಹಾಗೆ. ನೋವು ಅನ್ನಲಾರೆ, ಒಳಗೆಲ್ಲೋ ಬಿಗಿಯಾದ ಎಳೆತ. ರಾತ್ರಿ ನೋವು ಏರಿದರೆ ನಾಳೆ ಹೇಳಿ, ಕಡಿಮೆ ಮಾಡುತ್ತೇನೆ ಎಂದಳು. ಮಾಲೀಶಿನವ ಈ ಮಾತು ಹೇಳಿರಲಿಲ್ಲ.

ಆಮೇಲೆ ಅಳತೆ. ಮೊಣಕೈ ಪಕ್ಕೆಗೆ ಒತ್ತಿ ಕೈಯನ್ನು ಹೊರಗೆ ತಿರುಗಿಸಬೇಕು. ಮೊದಲ ದಿನ 20 ಡಿಗ್ರಿ, ಇವತ್ತು 35. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಟ್ಟಿಕೊಳ್ಳುವುದು ಹೀಗೆ ಹೊರಗೆ ತಿರುಗುವುದೇ ಅಂತೆ.

ಮನೆಗೆ ಬಂದವಳೇ ತಲೆ ಬಗ್ಗಿಸಿ ಬಲಗೈಯಲ್ಲಿ ಕೂದಲಿಗೆ ಕ್ಲಿಪ್ ಹಾಕಿದೆ. ಸೊಟ್ಟಗೆ ಕೂತಿತು, ಇರಲಿ. ಬೆನ್ನಿನ ಹುಕ್ ಮಾತ್ರ ಇನ್ನೂ ಇವರ ಪಾಲಿಗೇ. ಮೊದಮೊದಲು ಕನ್ನಡಕ ಹುಡುಕುತ್ತಿದ್ದರು, ಈಗ ಪೇಪರ್ ಓದುತ್ತಲೇ ಹಾಕುತ್ತಾರೆ.