ಜೊಂಡಿನ ಕೆರೆಯ ಬಳಿ ಎರಡು ಬೆಳಗು

ಚಳಿಗಾಲ ಕಳೆಯಲು ದೂರದಿಂದ ಬರುವ ಉಲಿಯಕ್ಕಿಗಳ ರಕ್ತದಲ್ಲಿ ನೆಲೆಸಿರುವ ಪರೋಪಜೀವಿಗಳನ್ನು ಕಣ್ಣಾರೆ ಕಾಣಬೇಕೆಂಬ ಬಹುದಿನದ ಆಸೆಯಿಂದ, ಜನವರಿಯಲ್ಲಿ ಸಂಶೋಧಕರ ತಂಡವೊಂದರ ಜೊತೆ ಜೊಂಡು ಬೆಳೆದ ಕೆರೆಯೊಂದರ ದಡದಲ್ಲಿ ಎರಡು ದಿನ ತಂಗಿದ್ದೆ. ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನಾವು ತಲುಪಿದಾಗ ಇನ್ನೂ ಕತ್ತಲಿತ್ತು, ಜೊಂಡಿನ ನಡುವೆ ಬಲೆ ಕಟ್ಟಿಯಾಗಿತ್ತು.

ಮೊದಲು ಸಿಕ್ಕಿದ್ದು ಹನ್ನೆರಡು ಗ್ರಾಂ ತೂಗುವ ಒಂದು ಉಲಿಯಕ್ಕಿ. ದೇಹತೂಕದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ರಕ್ತ ತೆಗೆಯಬಾರದೆಂಬ ಕಟ್ಟುಪಾಡಿರುವುದರಿಂದ, ರೆಕ್ಕೆಯ ರಕ್ತನಾಳಕ್ಕೆ ಸೂಜಿ ಮೊನೆ ತಾಗಿಸಿ ಕೆಲವೇ ಹನಿಗಳನ್ನು ಪಡೆದರು. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ ಒಣಗಿಸಿ, ಉಳಿದುದನ್ನು ವಂಶವಾಹಿ ಪರೀಕ್ಷೆಗೆಂದು ಆಲ್ಕೋಹಾಲಿನಲ್ಲಿ ಇರಿಸಿದರು. ಹಕ್ಕಿ ಆಗಲೇ ಜೊಂಡಿನೊಳಗೆ ಮರೆಯಾಗಿತ್ತು.

ಸಂಜೆ ಗೀಮ್ಸಾ ಬಣ್ಣ ಹಚ್ಚಿದ ಗಾಜುಗಳನ್ನು ಸಾವಿರ ಪಟ್ಟು ಹಿಗ್ಗಿಸಿ ನೋಡಲು ಕುಳಿತೆವು. ಹಕ್ಕಿಗಳ ಕೆಂಪು ರಕ್ತಕಣಗಳಲ್ಲಿ, ನಮ್ಮವುಗಳಲ್ಲಿ ಇಲ್ಲದ ಕೋಶಕೇಂದ್ರ ಇರುತ್ತದೆಂದು ಓದಿ ತಿಳಿದಿದ್ದರೂ, ಆ ನೇರಳೆ ಚುಕ್ಕೆಯನ್ನೇ ಪರೋಪಜೀವಿಯೆಂದು ಬಗೆದು ನಾನು ಸಂಭ್ರಮದಿಂದ ಕೂಗಿದ್ದು ಈಗಲೂ ನಾಚಿಕೆ ತರಿಸುತ್ತದೆ. ನಿಜವಾದದ್ದು ನಾಲ್ಕನೆಯ ಗಾಜಿನಲ್ಲಿ ಸಿಕ್ಕಿತು: ಕೋಶಕೇಂದ್ರವನ್ನು ಬಳಸಿಕೊಂಡು ಬಾಗಿದ, ತಾನು ಜೀರ್ಣಿಸಿಕೊಂಡ ಹಿಮೋಗ್ಲೋಬಿನಿನ ಕಂದು ಕಾಳುಗಳನ್ನು ಹೊತ್ತ ಹೀಮೋಪ್ರೋಟಿಯಸ್. ಮಲೇರಿಯಾ ತರುವ ಪ್ಲಾಸ್ಮೋಡಿಯಂನ ಹತ್ತಿರದ ಬಂಧುವಾದ ಇದು ಅಂಗಾಂಶಗಳಲ್ಲಿ ವೃದ್ಧಿಯಾಗಿ, ಲಿಂಗಕೋಶಗಳಿಗೆ ಜನ್ಮ ಕೊಡುವ ಹಂತವನ್ನು ಮಾತ್ರ ರಕ್ತಕ್ಕೆ ಬಿಡುತ್ತದೆ. ಹಾಡುಹಕ್ಕಿಗಳಲ್ಲಿ ಇದನ್ನು ಹರಡುವುದು ಸೊಳ್ಳೆಯಲ್ಲ, ಕ್ಯುಲಿಕಾಯ್ಡಿಸ್ ಎಂಬ ಕಚ್ಚುವ ನೊರಜು. ಆದರೆ 1898ರಲ್ಲಿ ವೈದ್ಯ ರೊನಾಲ್ಡ್ ರಾಸ್ ಕಲ್ಕತ್ತೆಯಲ್ಲಿ ಮಲೇರಿಯಾ ಹರಡುವುದರಲ್ಲಿ ಸೊಳ್ಳೆಯ ಪಾತ್ರವನ್ನು ಪೂರ್ಣವಾಗಿ ತೋರಿಸಿಕೊಟ್ಟದ್ದು ಹಕ್ಕಿಗಳ ಪ್ಲಾಸ್ಮೋಡಿಯಂನಿಂದಲೇ.

ಉಳಿದ ಗಾಜುಗಳು ಬರಿದಾಗಿದ್ದವು. ನನಗೆ ನಿರಾಶೆಯಾಯಿತು, ತಂಡದವರಿಗೆ ಆಗಲಿಲ್ಲ. ಸೋಂಕು ಹಳತಾದಂತೆ ರಕ್ತದಲ್ಲಿ ಪರೋಪಜೀವಿಗಳ ಸಂಖ್ಯೆ ತೀರಾ ಇಳಿದು, ಗೂಡು ಕಟ್ಟುವ ಕಾಲಕ್ಕೆ ಮತ್ತೆ ಏರುವುದುಂಟು; ಆದ್ದರಿಂದ ಚಳಿಗಾಲದ ಬರಿದು ಗಾಜು ಆರೋಗ್ಯದ ಪ್ರಮಾಣಪತ್ರವಲ್ಲ. ಅಂಥ ಮಂದ ಸೋಂಕೂ ಪುಕ್ಕಟೆಯಲ್ಲ: ಸ್ವೀಡನ್ನಿನ ದೊಡ್ಡ ಜೊಂಡು ಉಲಿಯಕ್ಕಿಗಳಲ್ಲಿ ದೀರ್ಘಕಾಲದ ಮಲೇರಿಯಾ ಸೋಂಕು ವರ್ಣತಂತುಗಳ ತುದಿಗಳನ್ನು ಬೇಗ ಸವೆಸಿ ಆಯುಸ್ಸನ್ನು ಕುಗ್ಗಿಸುತ್ತದೆಂದು 2015ರ ಅಧ್ಯಯನವೊಂದು ತೋರಿಸಿತ್ತು.

ಎರಡನೆಯ ಬೆಳಿಗ್ಗೆ ಬಲೆಗೆ ಬಿದ್ದ ಹಕ್ಕಿಯೊಂದರ ಕಾಲಿನಲ್ಲಿ ಹಿಂದಿನ ವರ್ಷದ ಉಂಗುರವಿತ್ತು. ಆಗ ಅದರ ರಕ್ತದಲ್ಲಿ ಹೀಮೋಪ್ರೋಟಿಯಸ್ ಇದ್ದುದು ಪುಸ್ತಕದಲ್ಲಿ ದಾಖಲಾಗಿತ್ತು. ಈ ಸಲ ಮಧ್ಯಾಹ್ನದವರೆಗೆ ಹುಡುಕಿದರೂ ಒಂದೂ ಕಾಣಲಿಲ್ಲ. “ಗುಣವಾಗಿರಬಹುದಲ್ಲವೇ?” ಎಂದು ಕೇಳಿದೆ. ದಾಖಲೆ ಬರೆಯುತ್ತಿದ್ದವರು ತಲೆಯೆತ್ತದೆ, “ಕಂಡಿಲ್ಲ ಎಂದಷ್ಟೇ ಬರೆಯುತ್ತೇನೆ” ಎಂದರು.